ಜಿಮ್ ಕೈ ಹಿಡಿಯಿತು, ಪ್ರಾರ್ಥನೆ ಕೈ ತಪ್ಪಿತು: ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಡಾಕ್ಟರ್ ಹೇಳಿದ ಮೇಲೆ ವ್ಯಾಯಾಮ ಶುರು ಮಾಡಿದೆ. ವಾರಕ್ಕೆ ಐದು ದಿನ ಬೆಳಗ್ಗೆ 5ಕ್ಕೆ ಎದ್ದು ಜಿಮ್‌ಗೆ ಹೋಗುತ್ತೇನೆ. ತೂಕ ಇಳಿದಿದೆ, ಸಕ್ಕರೆ ಹತೋಟಿಗೆ ಬಂದಿದೆ. ಆದರೆ ಮೊದಲು ಆ ಹೊತ್ತಿನಲ್ಲಿ ಸತ್ಯವೇದ ಓದಿ ಪ್ರಾರ್ಥನೆ ಮಾಡುತ್ತಿದ್ದೆ. ಈಗ ರಾತ್ರಿ 11.30ರ ಸುಮಾರಿಗೆ ಮಲಗುವ ಮುಂಚೆ ಕೂರುತ್ತೇನೆ. ಕಣ್ಣು ಎಳೆಯುತ್ತದೆ, ಮನಸ್ಸಿಗೆ ಏನೂ ತಟ್ಟುವುದಿಲ್ಲ. ನಮ್ಮ ಸಭೆಯ ಹಿರಿಯರೊಬ್ಬರು 1 ತಿಮೊಥೆ 4:8 ತೋರಿಸಿ, 'ದೇಹಸಾಧನೆಯಿಂದ ಏನು ಸಿಗುತ್ತೆ, ಭಕ್ತಿ ನೋಡಿಕೊಳ್ಳಿ' ಎಂದರು. ನಾನು ಲೋಕದ ಕಡೆ ವಾಲಿದ್ದೇನಾ? ಮುಂದಿನ ತಿಂಗಳು ಸಭೆಯಲ್ಲಿ 21 ದಿನದ ಉಪವಾಸ ಪ್ರಾರ್ಥನೆ ಇದೆ. ಅದರಲ್ಲಿ ಸೇರಬಹುದಾ?

ಉತ್ತರ: ಮೊದಲು ಹಿರಿಯರು ತೋರಿಸಿದ ವಚನಕ್ಕೇ ಬರೋಣ. ಅದು ನಿಮ್ಮನ್ನು ಚುಚ್ಚಿದೆ ಅಂತ ಪತ್ರ ಓದಿದಾಗಲೇ ಅನಿಸಿತು. ನಾನು ವೈದ್ಯ, ಸಭೆಯಲ್ಲಿ ವಾಕ್ಯ ಬೋಧಿಸುವವನೂ ಹೌದು. ಈ ವಚನವನ್ನು ಹೀಗೆ ಎತ್ತಿ ತೋರಿಸುವುದನ್ನು ತುಂಬಾ ಸಲ ಕೇಳಿದ್ದೇನೆ.

ದೇಹದ ಸಾಧನೆಯಿಂದ ಸ್ವಲ್ಪ ಪ್ರಯೋಜನ, ಭಕ್ತಿಯಿಂದ ಎಲ್ಲ ವಿಧದಲ್ಲೂ ಪ್ರಯೋಜನ ಅಂತ ಅಪೊಸ್ತಲ ಪೌಲ ತನ್ನ ಯುವ ಜೊತೆಗಾರ ತಿಮೊಥೆಗೆ ಬರೆದ. 'ಸ್ವಲ್ಪ' ಎಂದನೇ ಹೊರತು 'ಏನೂ ಇಲ್ಲ' ಎನ್ನಲಿಲ್ಲ. ಅದೇ ಅಧ್ಯಾಯವನ್ನು ಐದು ವಚನ ಹಿಂದಿನಿಂದ ಓದಿ ನೋಡಿ. ಮದುವೆ ಆಗಬೇಡಿ, ಇಂಥದ್ದನ್ನು ತಿನ್ನಬೇಡಿ ಅಂತ ಕಟ್ಟಳೆ ಹಾಕುವ ಬೋಧಕರ ಬಗ್ಗೆ ಅಲ್ಲಿ ಎಚ್ಚರಿಕೆ ಇದೆ. ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು, ಕೃತಜ್ಞತೆಯಿಂದ ತೆಗೆದುಕೊಳ್ಳಿ ಅನ್ನುತ್ತಾನೆ ಪೌಲ. ಅಂದರೆ ದೇಹವನ್ನು ಕೀಳಾಗಿ ಕಾಣುವವರಿಗೆ ಉತ್ತರವಾಗಿ ಬರೆದ ಮಾತಿನ ನಡುವೆ ಈ ವಚನ ಕೂತಿದೆ. ಮುಂದಿನ ಅಧ್ಯಾಯದ 23ನೇ ವಚನದಲ್ಲಿ ಅದೇ ತಿಮೊಥೆಗೆ, ನಿನ್ನ ಹೊಟ್ಟೆಗಾಗಿ, ಪದೇ ಪದೇ ಬರುವ ಕಾಯಿಲೆಗಾಗಿ ಬರೀ ನೀರು ಕುಡಿಯುವುದನ್ನು ಬಿಡು, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಸಲಹೆ ಕೊಡುತ್ತಾನೆ. ಒಬ್ಬ ಯುವ ಸಭಾಪಾಲಕನ ಹೊಟ್ಟೆನೋವಿಗೂ ಪವಿತ್ರ ಗ್ರಂಥದಲ್ಲಿ ಒಂದು ಸಾಲು ಸಿಕ್ಕಿದೆ!

ಪೌಲ ಒಂದೂವರೆ ವರ್ಷ ಇದ್ದ ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರ ತಲೆಗೆ ಎಲೆಯ ಕಿರೀಟ. ಓಟಗಾರರು ಎಷ್ಟು ಕಟ್ಟುನಿಟ್ಟಾಗಿ ಇರುತ್ತಾರೆ ಅನ್ನುವುದು ಆ ಊರಿನವರಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಅದಕ್ಕೇ 1 ಕೊರಿಂಥ 9ರಲ್ಲಿ ಆ ಉದಾಹರಣೆ ಬಳಸುತ್ತಾನೆ. ಅವರು ಬಾಡಿಹೋಗುವ ಕಿರೀಟಕ್ಕಾಗಿ ಇಷ್ಟು ಕಷ್ಟಪಟ್ಟರೆ, ನಾವು ಬಾಡದ ಕಿರೀಟಕ್ಕಾಗಿ ಎಷ್ಟು ಪಡಬೇಕು ಎಂಬ ಮಾತು ಅದು. ಓಟಗಾರರ ಶಿಸ್ತನ್ನು ಅವನು ಹೀಯಾಳಿಸಲಿಲ್ಲ, ಅದನ್ನು ನೋಡಿ ಕಲಿಯಿರಿ ಎಂದ.

ಹಾಗಂತ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಅವರ ಕಾಳಜಿಯಲ್ಲಿ ಒಂದು ನಿಜ ಇದೆ. ದೇಹಕ್ಕೆ ಒಂದು ಮಿತಿ ಇದೆ. ಎರಿಕ್ ಲಿಡೆಲ್ ಹೆಸರು ನೀವು ಕೇಳಿರಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡಲು ಒಪ್ಪದೆ 100 ಮೀಟರ್ ಬಿಟ್ಟುಕೊಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಗೆದ್ದವರು. ಆಮೇಲೆ ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧಕಾಲದಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಆಟ ಆಡಿಸುತ್ತಾ ಇದ್ದರು. 1945ರ ಫೆಬ್ರವರಿಯಲ್ಲಿ ಅಲ್ಲೇ ಮೆದುಳಿನ ಗಡ್ಡೆಯಿಂದ ತೀರಿಕೊಂಡಾಗ ಅವರಿಗೆ ಬರೀ 43 ವರ್ಷ. ಅಂಥ ಕಾಲುಗಳಿಗೂ ಒಂದು ಕೊನೆ ಇತ್ತು. ಆದರೆ ಆ ಶಿಬಿರದ ಮಕ್ಕಳು ಅವರಲ್ಲಿ ಕಂಡ ತಾಳ್ಮೆ, ಪ್ರೀತಿ ಜಿಮ್‌ನಲ್ಲಿ ಬೆಳೆಯುವಂಥದ್ದಲ್ಲ. ಪೌಲ ಹೇಳಿದ 'ಸ್ವಲ್ಪ' ಮತ್ತು 'ಎಲ್ಲ' ಇವುಗಳ ನಡುವಿನ ಅಂತರ ಅಲ್ಲಿ ಕಾಣುತ್ತದೆ.

ಹಾಗಾದರೆ ನೀವು ಲೋಕದ ಕಡೆ ವಾಲಿದ್ದೀರಾ? ನನಗೆ ಹಾಗೆ ಅನಿಸುವುದಿಲ್ಲ. ಒಂದು ದಿನ ಜಿಮ್ ತಪ್ಪಿದರೆ ಇಡೀ ದಿನ ಮುಖ ಗಂಟಿಕ್ಕಿಕೊಂಡಿದ್ದು, ಒಂದು ವಾರ ಪ್ರಾರ್ಥನೆ ತಪ್ಪಿದರೂ ಏನೂ ಅನಿಸದೆ ಇದ್ದರೆ, ಆಗ ಯೋಚಿಸಬೇಕಾದದ್ದೇ. ನಿಮಗೆ ಅನಿಸಿದೆ. ಅದಕ್ಕೇ ಅಲ್ವಾ ಈ ಪತ್ರ ಬರೆದಿದ್ದು?

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಜಾಗದಲ್ಲಿ. ರಾತ್ರಿ 11.30 ಆದ ಮೇಲೆ ಮಲಗುತ್ತೀರಿ, ಬೆಳಗ್ಗೆ 5ಕ್ಕೆ ಏಳುತ್ತೀರಿ. ಅಂದರೆ ಐದೂವರೆ ತಾಸು ಕೂಡ ನಿದ್ದೆ ಇಲ್ಲ. ವಯಸ್ಕರಿಗೆ ಕನಿಷ್ಠ ಏಳು ತಾಸು ಬೇಕು. ಜಿಮ್‌ಗೂ ಪ್ರಾರ್ಥನೆಗೂ ಜಗಳ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಕಾಣುವುದೇನೆಂದರೆ, ಎರಡೂ ಸೇರಿ ನಿದ್ದೆಯ ಕೈಯಿಂದ ಸಾಲ ತೆಗೆದುಕೊಂಡಿವೆ. ಜಿಮ್ ಬೆಳಗ್ಗೆ ಮೊದಲೇ ಬಂದು ತನ್ನ ಪಾಲು ಒಯ್ಯುತ್ತದೆ. ಸಾಲ ತೀರಿಸುವ ಹೊಣೆ ಕೊನೆಗೆ ಬಂದ ಪ್ರಾರ್ಥನೆಯ ತಲೆಗೆ ಬೀಳುತ್ತದೆ.

ಇದು ಭಕ್ತಿಯ ಮಾತು ಮಾತ್ರ ಅಲ್ಲ. ನಿದ್ದೆ ಕಡಿಮೆಯಾದರೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಸಿವು ಜಾಸ್ತಿಯಾಗುತ್ತದೆ. ಸಿಟ್ಟು ಬೇಗ ಬರುತ್ತದೆ, ಗಮನ ನಿಲ್ಲುವುದಿಲ್ಲ. ಅಂದರೆ ಬೆಳಗ್ಗೆ ಬೆವರು ಸುರಿಸಿ ಗಳಿಸಿದ್ದನ್ನು ರಾತ್ರಿ ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತಿದ್ದೀರಿ.

ಬೈಬಲಿನಲ್ಲಿ ದಿನ ಶುರುವಾಗುವುದು ಬೆಳಗ್ಗೆಯಿಂದಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮೊದಲು ಸಂಜೆ, ಆಮೇಲೆ ಬೆಳಗು, ಆಗ ಒಂದು ದಿನ. ನಾವು ಮಲಗಿರುವಾಗಲೇ ದೇವರ ದಿನ ಶುರುವಾಗಿರುತ್ತದೆ. ನಾವು ಎದ್ದು ಅದರೊಳಗೆ ಕಾಲಿಡುತ್ತೇವೆ, ಅಷ್ಟೇ. 127ನೇ ಕೀರ್ತನೆ ನಸುಕಿನಲ್ಲೇ ಎದ್ದು ತಡವಾಗಿ ಮಲಗಿ ಒದ್ದಾಡುವುದು ವ್ಯರ್ಥ ಎನ್ನುತ್ತದೆ. ನಿದ್ದೆಯನ್ನು ಅದು ದೇವರ ಪ್ರೀತಿಗೆ ಜೋಡಿಸುತ್ತದೆ. ಮಗನೇ ಅಟ್ಟಿಸಿಕೊಂಡು ಬರುತ್ತಿದ್ದಾಗ ದಾವೀದ ಹಾಡಿದ ಮೂರನೇ ಕೀರ್ತನೆಯಲ್ಲಿ, ನಾನು ಮಲಗಿ ನಿದ್ದೆ ಮಾಡಿದೆ, ಎಚ್ಚರವಾದೆ, ಕರ್ತನೇ ನನ್ನನ್ನು ಕಾಪಾಡಿದ ಎಂಬ ಮಾತಿದೆ. ಬಿರುಗಾಳಿಯ ನಡುವೆ ದೋಣಿಯಲ್ಲಿ ತಲೆದಿಂಬು ಇಟ್ಟು ಮಲಗಿದ್ದ ಯೇಸುವನ್ನು ನೆನೆಸಿಕೊಳ್ಳಿ. ನಂಬಿಕೆ ಇರುವವರು ನಿದ್ದೆ ಮಾಡಬಲ್ಲರು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ ಭಾಗ ಪ್ರವಾದಿ ಎಲೀಯನದು. 1 ಅರಸುಗಳು 18ರಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಯುತ್ತದೆ, ಬರ ಮುಗಿದು ಮಳೆ ಬರುತ್ತದೆ. ಎಲೀಯ ರಾಜ ಅಹಾಬನ ರಥಕ್ಕಿಂತ ಮುಂದೆ ಇಜ್ರೇಲಿನವರೆಗೆ ಓಡುತ್ತಾನೆ. ಮರು ಅಧ್ಯಾಯದಲ್ಲೇ ಅದೇ ಮನುಷ್ಯ ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಾನೆ. ಆಗ ದೇವರು ಏನು ಮಾಡಿದರು? ಇಷ್ಟೆಲ್ಲ ನೋಡಿದ ಮೇಲೂ ನಿನಗೆ ನಂಬಿಕೆ ಇಲ್ಲವಾ ಅಂತ ಗದರಲಿಲ್ಲ. ಅವನನ್ನು ಮಲಗಲು ಬಿಟ್ಟರು. ದೇವದೂತ ಬಂದು ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದ. ಎದ್ದು ತಿನ್ನು, ದಾರಿ ದೂರ ಇದೆ, ನಿನಗೆ ಶಕ್ತಿ ಸಾಲದು ಎಂದ. ಹೋರೇಬ್ ಬೆಟ್ಟದ 'ಎಲೀಯನೇ, ಇಲ್ಲಿ ಏನು ಮಾಡುತ್ತಿದ್ದೀ?' ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ಕಳೆದ ಮೇಲೆ. ಮೊದಲು ನಿದ್ದೆ, ಊಟ, ನೀರು. ಮಾತು ಆಮೇಲೆ. ರಾತ್ರಿ 11.30ಕ್ಕೆ ವಾಕ್ಯ ತಲೆಗೆ ಹತ್ತಲಿಲ್ಲ ಅಂತ ತಮ್ಮನ್ನು ತಾವೇ ಬೈದುಕೊಳ್ಳುವವರು ಈ ಕ್ರಮವನ್ನು ನೋಡಬೇಕು.

ಹಾಗಾಗಿ ನಿಮ್ಮ ಬದಲಾವಣೆ ರಾತ್ರಿಯಿಂದ ಶುರುವಾಗಲಿ. 10ಕ್ಕೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಮಲಗುವ ಮುಂಚೆ ಉದ್ದದ ಪ್ರಾರ್ಥನೆ ಬೇಡ. ಒಂದು ಚಿಕ್ಕ ಕೀರ್ತನೆ, ಈ ದಿನದ್ದನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ ಎಂಬ ಒಂದು ಮಾತು, ಅಷ್ಟು ಸಾಕು. 10.15ಕ್ಕೆ ಮಲಗಿ 5.30ಕ್ಕೆ ಎದ್ದರೆ ಏಳು ತಾಸು ಸಿಗುತ್ತದೆ. ಮೊದಲ ವಾರ ನಿದ್ದೆ ಬಾರದೆ ಹೊರಳಾಡಬಹುದು. ಬಿಡಬೇಡಿ.

ಇನ್ನು ಬೆಳಗ್ಗೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ, ಅದರ ಜೊತೆ ಎರಡು ದಿನವಾದರೂ ಸ್ನಾಯುಗಳಿಗೆ ಕಸರತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಲೆಕ್ಕ. ಅದಕ್ಕೆ ಐದು ದಿನ ಜಿಮ್ ಬೇಕೇ ಬೇಕು ಅಂತಿಲ್ಲ. ಮೂರು ದಿನ ಜಿಮ್‌ಗೆ ಹೋಗಿ. ಎರಡು ದಿನ ಬಿರುಸಾಗಿ ನಡೆಯಿರಿ. ಆ ಎರಡು ದಿನ ಕಿವಿಗೆ ಇಯರ್‌ಫೋನ್ ಬೇಡ.

ಇದು ನಾನು ಕಂಡುಹಿಡಿದದ್ದಲ್ಲ. ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ 1841ರಲ್ಲಿ ತಮ್ಮ ಬೆಳಗಿನ ಅಭ್ಯಾಸ ಹೇಗೆ ಬದಲಾಯಿತು ಅಂತ ಬರೆದಿಟ್ಟಿದ್ದಾರೆ. ಮೊದಲು ಅವರು ಎದ್ದ ಕೂಡಲೇ ಪ್ರಾರ್ಥನೆಗೆ ಕೂರುತ್ತಿದ್ದರು. ಮನಸ್ಸು ಕಾಲು ಗಂಟೆ, ಕೆಲವು ಸಲ ಅರ್ಧ ಗಂಟೆ ಅಲೆದಾಡುತ್ತಿತ್ತು. ಆಮೇಲೆ ಕ್ರಮ ಬದಲಿಸಿದರು. ಮೊದಲು ವಾಕ್ಯ ಓದಿ, ಅದನ್ನು ಮನಸ್ಸಿನಲ್ಲಿ ತಿರುವಿಹಾಕುವುದು. ಪ್ರಾರ್ಥನೆ ಅದರಿಂದಲೇ ತಾನಾಗಿ ಹೊರಡುತ್ತಿತ್ತು. ಇದನ್ನು ಅವರು ಎಷ್ಟೋ ಸಲ ಬೆಳಗಿನ ತಿಂಡಿಗೆ ಮುಂಚೆ ಹೊರಗೆ ನಡೆಯುತ್ತಾ ಮಾಡುತ್ತಿದ್ದರು. ದೊಡ್ಡ ಅಕ್ಷರದ ಹೊಸ ಒಡಂಬಡಿಕೆ ಜೊತೆಗಿರುತ್ತಿತ್ತು. ಈ ನಡಿಗೆಯಿಂದ ಆರೋಗ್ಯಕ್ಕೂ ಒಳ್ಳೆಯದಾಯಿತು ಅಂತ ಅವರೇ ಹೇಳಿದ್ದಾರೆ. 92 ವರ್ಷ ಬದುಕಿದರು.

ಹೇಗೆ ಮಾಡುವುದು ಅಂತ ಒಂದು ಭಾಗ ತೆಗೆದುಕೊಂಡು ತೋರಿಸುತ್ತೇನೆ. ಮಾರ್ಕ 5ರಲ್ಲಿ ಯಾಯೀರನ ಮಗಳ ಕಥೆ ಇದೆ, 21ನೇ ವಚನದಿಂದ. ಮನೆಯಲ್ಲೇ ಒಂದು ಸಲ ನಿಧಾನವಾಗಿ ಓದಿ ಹೊರಡಿ. ಮೊದಲ ಐದು ನಿಮಿಷ ಸುಮ್ನೆ ನಡೆಯಿರಿ. ಉಸಿರು ಒಂದು ಹದಕ್ಕೆ ಬರಲಿ. ಆಮೇಲೆ ಕಥೆಯನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಳ್ಳಿ. ಗೋಳಾಡುವ ಜನರನ್ನು ಯೇಸು ಹೊರಗೆ ಕಳಿಸುತ್ತಾರೆ. ತಂದೆತಾಯಿ ಮತ್ತು ಮೂವರು ಶಿಷ್ಯರು ಮಾತ್ರ ಒಳಗೆ. ಹನ್ನೆರಡು ವರ್ಷದ ಹುಡುಗಿಯ ಕೈ ಹಿಡಿಯುತ್ತಾರೆ. ಅವಳು ಎದ್ದು ನಡೆದಾಡುತ್ತಾಳೆ. ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಆಗ ಯೇಸು ಹೇಳಿದ ಕೊನೆಯ ಮಾತು ಏನು ಗೊತ್ತಾ? ಇವಳಿಗೆ ತಿನ್ನಲು ಏನಾದರೂ ಕೊಡಿ! ಸತ್ತವಳನ್ನು ಎಬ್ಬಿಸಿದವರಿಗೆ ಅವಳ ಹಸಿವೂ ನೆನಪಿದೆ. ಆ ಒಂದು ಸಾಲನ್ನು ಹಿಡಿದುಕೊಂಡು ನಡೆಯಿರಿ. ನಿಮ್ಮ ಮನೆಯಲ್ಲಿ ಯಾರ ಹಸಿವು, ಯಾರ ಸುಸ್ತು ನಿಮ್ಮ ಕಣ್ಣಿಗೆ ಬಿದ್ದಿಲ್ಲ? ಆ ಹೆಸರು ಬಂದಾಗ ಅದನ್ನೇ ಪ್ರಾರ್ಥನೆ ಮಾಡಿ. ಮನಸ್ಸು ಆಫೀಸಿನ ಕಡೆ ಓಡಿದರೆ ಗಾಬರಿ ಬೇಡ, ಆ ಸಾಲಿಗೆ ವಾಪಸ್ ಬನ್ನಿ. ಅರ್ಧ ಗಂಟೆಯಲ್ಲಿ ಹತ್ತು ಸಲ ವಾಪಸ್ ಬಂದರೂ ಅದು ಪ್ರಾರ್ಥನೆಯೇ.

ಜಿಮ್‌ಗೆ ಹೋಗುವ ಮೂರು ದಿನ ಹೊರಡುವ ಮುಂಚೆ ಹತ್ತು ನಿಮಿಷ ಕೂತು ಒಂದು ಚಿಕ್ಕ ಭಾಗ ಓದಿ. ಉಳಿದ ಎರಡು ದಿನ ದೇಹಕ್ಕೆ ಬಿಡುವು. ಆಗ ನಿಧಾನವಾಗಿ, ಉದ್ದಕ್ಕೆ ಓದಿ.

ಈಗ ಒಂದು ಎಚ್ಚರಿಕೆ. ಜಿಮ್ ನಿಮಗೆ ಒಳ್ಳೆಯದನ್ನು ಕಲಿಸಿದೆ. ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು, ಮನಸ್ಸಿಲ್ಲದ ದಿನವೂ ಹೋಗುವುದು, ಬಿಡುವು ಕೊಡುವುದು. ಇವನ್ನೆಲ್ಲ ಭಕ್ತಿಯ ಬದುಕಿಗೂ ತನ್ನಿ. ಆದರೆ ಲೆಕ್ಕ ಇಡುವ ಚಾಳಿಯನ್ನು ಬಾಗಿಲಲ್ಲೇ ಬಿಟ್ಟು ಬನ್ನಿ. ಎಷ್ಟು ಅಧ್ಯಾಯ ಓದಿದೆ, ಎಷ್ಟು ದಿನ ತಪ್ಪದೆ ಮಾಡಿದೆ ಅಂತ ಎಣಿಸುತ್ತಾ ಹೋದರೆ, ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ ಅಂತ ದೇವರ ಮುಂದೆ ಲೆಕ್ಕ ಒಪ್ಪಿಸಿದ ಫರಿಸಾಯನ ಪಕ್ಕ ಹೋಗಿ ನಿಂತಂತೆ. ಸ್ನಾಯು ಬೆಳೆಯುವುದು ನಾವು ಎತ್ತಿದ ಭಾರದಿಂದ. ಆತ್ಮಬಲ ಬರುವುದು ಕೊಡುವವರಿಂದ. ಯೆಶಾಯ 40ರ ಕೊನೆಯ ವಚನವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಹದ್ದುಗಳಂತೆ ಹಾರುವ ಮಾತು. ಅದರ ಹಿಂದಿನ ವಚನ ಮಾತ್ರ ಮರೆತುಬಿಡುತ್ತೇವೆ. ಯುವಕರೂ ದಣಿದು ಬಳಲುತ್ತಾರೆ, ತರುಣರೂ ಎಡವಿ ಬೀಳುತ್ತಾರೆ ಅಂತ ಅಲ್ಲಿದೆ. ಬಲ ಸಿಗುವುದು ಕರ್ತನನ್ನು ಕಾದುಕೊಂಡವರಿಗೆ, ದಣಿದವರಿಗೆ.

ಇದನ್ನು ಮರೆತರೆ ಇನ್ನೊಂದು ಅಪಾಯ ಇದೆ. ಆರೋಗ್ಯವಾಗಿರುವುದೇ ಒಳ್ಳೆಯ ಭಕ್ತಿಯ ಗುರುತು ಅಂತ ಅನಿಸಲು ಶುರುವಾಗುತ್ತದೆ. ಸಭೆಯಲ್ಲಿ ಹಾಸಿಗೆ ಹಿಡಿದವರನ್ನು, ದಪ್ಪ ಇರುವವರನ್ನು ನೋಡಿ ಒಳಗೊಳಗೇ ತೀರ್ಪು ಕೊಡುತ್ತೇವೆ. 3 ಯೋಹಾನ 2ನೇ ವಚನವನ್ನು ಆರೋಗ್ಯದ ಗ್ಯಾರಂಟಿ ಕಾರ್ಡಿನಂತೆ ಹಿಡಿದು ತೋರಿಸುವವರೂ ಇದ್ದಾರೆ. ಅದು ಗಾಯನೆಂಬ ಗೆಳೆಯನಿಗೆ, ಸುಖವಾಗಿರು, ಆರೋಗ್ಯವಾಗಿರು ಅಂತ ಯೋಹಾನ ಪ್ರೀತಿಯಿಂದ ಬರೆದ ಹಾರೈಕೆ. ಪೌಲನ ಜೊತೆಗಾರ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದ. ತ್ರೊಫಿಮನನ್ನು ಪೌಲ ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಪೌಲನ ದೇಹದಲ್ಲೇ ಒಂದು ಮುಳ್ಳಿತ್ತು. ತೆಗೆದುಹಾಕು ಅಂತ ಮೂರು ಸಲ ಬೇಡಿದ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಇವರ ಯಾರ ನಂಬಿಕೆಯನ್ನೂ ಅವರ ರಕ್ತಪರೀಕ್ಷೆಯ ವರದಿ ನೋಡಿ ಅಳೆಯಲು ಆಗುವುದಿಲ್ಲ.

ಹಾಗಾದರೆ ಆತ್ಮಿಕವಾಗಿ ಬೆಳೆಯುತ್ತಿದ್ದೀರಾ ಅಂತ ತಿಳಿಯುವುದು ಹೇಗೆ? ಗಲಾತ್ಯ 5ರಲ್ಲಿ ಹೇಳಿದ ಪ್ರೀತಿ, ತಾಳ್ಮೆ, ದಯೆಯಂಥ ಫಲಗಳು ಮನೆಯವರಿಗೇ ಮೊದಲು ಕಾಣುತ್ತವೆ. ನನ್ನ ಮಾತಿನಲ್ಲಿ ಈಚೆಗೆ ಒರಟುತನ ಕಡಿಮೆಯಾಗಿದೆಯಾ ಅಂತ ನಿಮ್ಮ ಹೆಂಡತಿಯನ್ನೋ ಮಕ್ಕಳನ್ನೋ ಕೇಳಿ ನೋಡಿ. ಸಭೆಯಲ್ಲಿ ನಂಬುವಂಥ ಒಬ್ಬರನ್ನು ಜೊತೆಗಿಟ್ಟುಕೊಂಡು, ವಾರಕ್ಕೊಮ್ಮೆ ಮನಸ್ಸು ಬಿಚ್ಚಿ ಮಾತಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ ಮಾಡಿ.

ಪ್ರಾರ್ಥನೆಯಲ್ಲಿ ಏನೂ ತಟ್ಟುತ್ತಿಲ್ಲ ಎಂದಿದ್ದೀರಿ. ನಿದ್ದೆ ಸರಿಯಾದ ಮೇಲೂ ಹಾಗೇ ಇದ್ದರೆ ಅದನ್ನು ಆತ್ಮಿಕ ಬರಗಾಲ ಅಂತ ಆತುರದಿಂದ ಹೆಸರಿಡಬೇಡಿ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುವುದುಂಟು. ಅದರಿಂದ ಸುಸ್ತು, ಮಂಕು, ಕೈಕಾಲು ಜೋಮು ಬರುತ್ತದೆ. ಮುಂದಿನ ಸಲ ರಕ್ತ ಕೊಡುವಾಗ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಲು ನಿಮ್ಮ ಡಾಕ್ಟರನ್ನು ಕೇಳಿ. ಜೋರಾಗಿ ಗೊರಕೆ ಹೊಡೆಯುತ್ತೀರಿ, ಮಧ್ಯೆ ಉಸಿರು ನಿಂತಂತಾಗುತ್ತದೆ ಅಂತ ಮನೆಯವರು ಹೇಳಿದರೆ ಅದನ್ನೂ ತಿಳಿಸಿ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಸಂತೋಷ ಇಲ್ಲ, ಮನಸ್ಸು ಕುಗ್ಗಿದೆ ಅನಿಸಿದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಚಿಕಿತ್ಸೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಅಲ್ಲ. ಪೌಲನ ಜೊತೆ ಓಡಾಡಿದ ಲೂಕ ವೈದ್ಯನೇ ಆಗಿದ್ದ.

ಕೊನೆಗೆ ಉಪವಾಸ. ಇದರಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ನೀವು ತೆಗೆದುಕೊಳ್ಳುವ ಗ್ಲಿಮೆಪಿರೈಡ್ ಊಟ ಮಾಡದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲದ ಅಂಶ ಏರಿ ಪ್ರಾಣಕ್ಕೇ ಕುತ್ತಾಗಬಹುದು. ಹಾಗಾಗಿ ಡಾಕ್ಟರನ್ನು ಕೇಳದೆ ಊಟವನ್ನೂ ಬಿಡಬೇಡಿ, ದೇವರ ಮೇಲೆ ಭಾರ ಹಾಕಿ ಅಂತ ಯಾರಾದರೂ ಹೇಳಿದರೂ ಮಾತ್ರೆಯನ್ನೂ ಬಿಡಬೇಡಿ. ಬಸುರಿಯರಿಗೂ, ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರಿಗೂ ಇದೇ ಮಾತು.

ಆದರೆ ನೀವು ಆ 21 ದಿನದಿಂದ ಹೊರಗೆ ಉಳಿಯಬೇಕಾಗಿಲ್ಲ. 21 ದಿನ ಎಂಬ ರೂಢಿಗೆ ಆಧಾರವಾಗಿ ತೋರಿಸುವುದು ದಾನಿಯೇಲ 10ನೇ ಅಧ್ಯಾಯವನ್ನು. ಅಲ್ಲಿ ದಾನಿಯೇಲ ಮೂರು ವಾರ ಏನು ಮಾಡಿದ ನೋಡಿ. ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಬಿಟ್ಟ. ಊಟವನ್ನೇ ಪೂರ್ತಿ ಬಿಟ್ಟ ಅಂತ ಅಲ್ಲಿ ಬರೆದಿಲ್ಲ. ನೀವೂ ಹೊತ್ತಿಗೆ ಸರಿಯಾಗಿ ಸರಳ ಊಟ ಮಾಡಿ, ಮಾತ್ರೆ ತಗೊಳ್ಳಿ, ನಾಲಿಗೆಗೆ ಇಷ್ಟವಾದದ್ದನ್ನು ಬಿಡಿ. ಸಂಜೆ ಫೋನ್ ನೋಡುವ ಹೊತ್ತನ್ನು ಬಿಡಿ, ಅದು ನಿಮಗೆ ಊಟಕ್ಕಿಂತ ಕಷ್ಟವಾಗಬಹುದು. ಉಳಿದ ಹಣ ಹಸಿದವರಿಗೆ ಹೋಗಲಿ. ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸದ ಪಟ್ಟಿಯಲ್ಲಿ ಅದೂ ಇದೆ. ಇದರ ಜೊತೆ ತೂಕ ಇಳಿಸುವ ಗುರಿಯನ್ನು ಬೆರೆಸಬೇಡಿ. ತೂಕಕ್ಕಾಗಿ ಊಟ ಬಿಡುವುದು ಬೇರೆ, ದೇವರನ್ನು ಹುಡುಕಲು ಬಿಡುವುದು ಬೇರೆ.

ಆ ದಿನಗಳಲ್ಲಿ ಸಕ್ಕರೆ ಅಳೆಯುವ ಮೀಟರ್ ಹತ್ತಿರವೇ ಇರಲಿ. ಕೈ ನಡುಕ, ಬೆವರು, ಎದೆ ಡವಡವ, ತಲೆ ಗೊಂದಲ ಆದರೆ ಕೂಡಲೇ ಪರೀಕ್ಷಿಸಿ. 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೂರ್ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆರಾಧನೆಯ ಮಧ್ಯದಲ್ಲಿ ಹೀಗಾದರೂ ಸಂಕೋಚ ಬೇಡ, ಕೂತಲ್ಲೇ ಕುಡಿಯಿರಿ. ಪಕ್ಕದಲ್ಲಿ ಕೂರುವವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ.